ನಾಟಿ ಕೋಳಿ ಯಾವುದು, ಗಿರಿರಾಜ ಯಾವುದು? ಅಬ್ಬಿಗೆರೆ ಸುತ್ತ ಕೋಳಿ ಸಾಕುವವರಿಗೆ, ಮಾರುವವರಿಗೆ ಪೂರ್ತಿ ಮಾಹಿತಿ

ಅಬ್ಬಿಗೆರೆ: ಅಬ್ಬಿಗೆರೆ, ಸಿಂಗಾಪುರ, ಲಕ್ಷ್ಮೀಪುರ, ಚಿಕ್ಕಬಾಣಾವರ ಸುತ್ತ ಈಗ ಹೊಲಕ್ಕಿಂತ ಸೈಟುಗಳೇ ಜಾಸ್ತಿ. ಆದ್ರೂ ಹಳೇ ಊರಿನ ಬೀದಿಯಲ್ಲಿ, ಖಾಲಿ ಸೈಟಿನಲ್ಲಿ, ಶೆಡ್ಡುಗಳ ಹಿಂದೆ ಕೋಳಿ ಕೆದರೋದು ನಿಂತಿಲ್ಲ. ಯುಗಾದಿ ಮಾರನೇ ದಿನದ ಹೊಸತೊಡಕು, ಊರಹಬ್ಬ, ಮಾರಮ್ಮನ ಹಬ್ಬ ಬಂತು ಅಂದ್ರೆ ಎಲ್ಲರೂ ಕೇಳೋದು ಒಂದೇ: "ನಾಟಿ ಇದೆಯಾ?" ಅಂಗಡಿಯವರ ಉತ್ತರವೂ ಒಂದೇ: "ಇದೆ".

ಆದರೆ ಪಂಜರದಲ್ಲಿ ಇರೋದು ನಿಜವಾಗಿ ನಾಟಿನಾ, ಗಿರಿರಾಜನಾ, ಮೊಟ್ಟೆ ಮುಗಿಸಿದ ಫಾರಂ ಹೇಟೆನಾ ಅನ್ನೋದು ಎಷ್ಟೋ ಸಲ ಕೊಳ್ಳುವವರಿಗೂ ಗೊತ್ತಿರಲ್ಲ, ಮಾರುವವರಿಗೂ ಗೊತ್ತಿರಲ್ಲ. ಹೆಸರು ತಪ್ಪಿದರೆ ದುಡ್ಡು ತಪ್ಪುತ್ತೆ. ಸಾಕೋಕೆ ಅಂತ ತಂದವರಿಗಂತೂ ಇನ್ನೂ ನಷ್ಟ. ಮರಿ ಮಾಡುತ್ತೆ ಅಂತ ತಂದ ಹೇಟೆ ಕಾವಿಗೇ ಕೂರಲ್ಲ. ಹಾಗಾಗಿ ತಳಿ ಗುರುತಿಸೋದು, ಮರಿ ಮಾಡಿಸೋದು, ರೋಗ ತಡೆಯೋದು, ತಳಿ ಉಳಿಸೋದು ಎಲ್ಲವನ್ನೂ ಒಂದೇ ಕಡೆ ಕೊಟ್ಟಿದ್ದೇವೆ.

ಮೊದಲು ಹೆಸರು ಸರಿ ಮಾಡಿಕೊಳ್ಳೋಣ

ನಮ್ಮ ಕಡೆ ಸಿಗುವ ಕೋಳಿಗಳನ್ನು ನಾಲ್ಕು ಗುಂಪು ಮಾಡಬಹುದು.

1. ಊರ ನಾಟಿ: ತಲೆತಲಾಂತರದಿಂದ ಹಳ್ಳಿಯಲ್ಲೇ ಬೆಳೆದು ಬಂದ ಕೋಳಿ. ಬಣ್ಣ ಒಂದೇ ತರ ಇರಲ್ಲ. ಕೆಂಪು, ಕಪ್ಪು, ಬೂದು, ಚುಕ್ಕೆ, ಬೋಳು ಕುತ್ತಿಗೆ, ಗುಂಗುರು ಪುಕ್ಕ, ಎಲ್ಲವೂ ಇರುತ್ತೆ.

2. ದೇಸಿ ತಳಿ: ರೂಪ, ಗುಣ ಗಟ್ಟಿಯಾಗಿ ನಿಂತು, ಸರ್ಕಾರಿ ಸಂಸ್ಥೆಯಲ್ಲಿ ನೋಂದಣಿ ಆದ ಕೋಳಿ. ಅಸೀಲ್, ಕಡಕ್‌ನಾಥ್, ಘಾಗಸ್ ಮುಂತಾದವು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ಈ ನೋಂದಣಿ ಮಾಡುತ್ತೆ.

3. ಸುಧಾರಿತ ಹಿತ್ತಲ ಕೋಳಿ: ಹಿತ್ತಲಲ್ಲಿ ಸಾಕಲಿ ಅಂತ ವಿಜ್ಞಾನಿಗಳು ಅಭಿವೃದ್ಧಿ ಮಾಡಿದ ಬಣ್ಣದ ಕೋಳಿ. ಗಿರಿರಾಜ, ಸ್ವರ್ಣಧಾರ, ವನರಾಜ, ಗ್ರಾಮಪ್ರಿಯ, ಕಾವೇರಿ ಈ ಸಾಲಿನವು. ಅಂಗಡಿಗಳಲ್ಲಿ "ನಾಟಿ" ಅಥವಾ "ಫಾರಂ ನಾಟಿ" ಅಂತ ಹೋಗುವುದರಲ್ಲಿ ಇವು ಬಹಳ.

4. ಫಾರಂ ಕೋಳಿ: ಬಿಳಿ ಬ್ರಾಯ್ಲರ್, ಮೊಟ್ಟೆಗೆ ಸಾಕುವ ಲೇಯರ್. ಕಂದು ಮೊಟ್ಟೆ ಇಡುವ ಕೆಂಪು ಲೇಯರ್ ಕೂಡ ಫಾರಂ ಕೋಳಿಯೇ.

ಈ ನಾಲ್ಕರಲ್ಲಿ ಯಾವುದೂ ಕೆಟ್ಟದ್ದಲ್ಲ. ಒಂದನ್ನು ಇನ್ನೊಂದರ ಹೆಸರಲ್ಲಿ ಮಾರುವಾಗ ಮಾತ್ರ ತಕರಾರು ಬರೋದು.

ಕಾವು ಕೂರೋದೇ ದೊಡ್ಡ ವ್ಯತ್ಯಾಸ

ಬಣ್ಣ, ತೂಕ, ರುಚಿ ಅಂತ ಏನೇ ಹೇಳಿದರೂ, ಸಾಕುವವರಿಗೆ ನಾಟಿಗೂ ಸುಧಾರಿತ ಕೋಳಿಗೂ ಇರುವ ಮುಖ್ಯ ವ್ಯತ್ಯಾಸ ಕಾವು.

ನಾಟಿ ಹೇಟೆ ಒಂದು ಸರದಿಗೆ 12ರಿಂದ 18 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. 21 ದಿನ ಕಾವು. ಆಮೇಲೆ ಎರಡು ತಿಂಗಳ ಹತ್ತಿರ ಮರಿ ಜೊತೆ ಓಡಾಟ. ಅಷ್ಟು ದಿನ ಮೊಟ್ಟೆ ಇಲ್ಲ. ಹಾಗಾಗಿ ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು ಸರದಿ. ಒಟ್ಟು 50, 60 ಮೊಟ್ಟೆ ಸಿಕ್ಕರೆ ಹೆಚ್ಚು. ಗಿರಿರಾಜ ಹೇಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತೆ, ಸ್ವರ್ಣಧಾರ 180ರಿಂದ 190.

ಲೆಕ್ಕ ನೋಡಿದರೆ ನಾಟಿ ಸೋತ ಹಾಗೆ ಕಾಣುತ್ತೆ. ಆದರೆ ಗಿರಿರಾಜ, ಸ್ವರ್ಣಧಾರ ಅಷ್ಟು ಮೊಟ್ಟೆ ಇಡೋದು ಕಾವಿಗೆ ಕೂರದೇ ಇರೋದ್ರಿಂದಲೇ. ಮೊಟ್ಟೆ ಜಾಸ್ತಿ ಬೇಕು ಅಂತ ತಳಿ ಆರಿಸುತ್ತಾ ಹೋದ ಹಾಗೆ ಕಾವು ಕೂರುವ ಗುಣ ಹೊರಟುಹೋಗಿದೆ. ಪ್ರತಿ ಸಲ ಹ್ಯಾಚರಿಯಿಂದ ಮರಿ ತರಬೇಕು. ನೀವೇ ಮೊಟ್ಟೆ ಇಟ್ಟು ಮರಿ ಮಾಡಿಸಿದರೂ ಗಿರಿರಾಜನ ಮರಿ ಅಪ್ಪ ಅಮ್ಮನ ಹಾಗೇ ಬರುತ್ತೆ ಅನ್ನೋ ಖಾತ್ರಿ ಇಲ್ಲ, ಯಾಕಂದ್ರೆ ಅದು ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಮಾಡಿದ ಮಿಶ್ರ ಕೋಳಿ.

ನಾಟಿ ಹೇಟೆ ಹಾಗಲ್ಲ. ಕರೆಂಟ್ ಬೇಡ, ಹ್ಯಾಚರಿ ಬೇಡ, ಬಲ್ಬ್ ಬೇಡ. ಮರಿ ಮಾಡಿ, ಮೇಯೋದು ಕಲಿಸಿ, ಹದ್ದು ಬಂದರೆ ರೆಕ್ಕೆ ಕೆಳಗೆ ಮುಚ್ಚಿಕೊಂಡು ಸಾಕುತ್ತೆ. ಊರಿನ ಹೇಟೆಗಳೆಲ್ಲ ಮಿಶ್ರವಾಗಿ ಕಾವು ಮರೆತರೆ, ಊರಿಗೆ ಊರೇ ಮರಿಗೆ ಹ್ಯಾಚರಿ ಕಡೆ ನೋಡಬೇಕಾಗುತ್ತೆ.

ಗಿರಿರಾಜ ನಮ್ಮ ಪಕ್ಕದ್ದೇ

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ: ಗಿರಿರಾಜ ಹುಟ್ಟಿದ್ದು ಹೆಬ್ಬಾಳದಲ್ಲಿ. 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಕೈಕೆಳಗೆ ಇದ್ದ ಕಾಲದಲ್ಲಿ, 1980ರ ದಶಕದ ಕೊನೆಯ ಹೊತ್ತಿಗೆ ಈ ಕೋಳಿ ಹೊರಬಂತು. ಮೊಟ್ಟೆಗೆ ಅಂತ ಗಿರಿರಾಣಿ ಬಂತು. ಈಗ ಆ ಕಾಲೇಜು ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸ್ವರ್ಣಧಾರ 2005ರಲ್ಲಿ ಬಿಡುಗಡೆಯಾಯಿತು. ಗಿರಿರಾಜನ ಭಾರೀ ಮೈ ನಾಯಿ, ಬೆಕ್ಕಿಗೆ ಸುಲಭವಾಗಿ ಸಿಕ್ಕಿಬೀಳುತ್ತೆ. ಸ್ವರ್ಣಧಾರ ಅದಕ್ಕಿಂತ ಹಗುರ, ಓಡಿ ತಪ್ಪಿಸಿಕೊಳ್ಳುತ್ತೆ.

ಇನ್ನೊಂದು ಕಡೆ ಹೆಸರಘಟ್ಟ. ಅಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಮತ್ತು ತರಬೇತಿ ಕೇಂದ್ರ ಇದೆ. ಕಾವೇರಿ ಕೋಳಿ ಅಲ್ಲಿಯದು. ವನರಾಜ, ಗ್ರಾಮಪ್ರಿಯ ಹೈದರಾಬಾದ್‌ನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದವು. ಅಂದರೆ ಅಬ್ಬಿಗೆರೆ ಒಂದು ಕಡೆ ಹೆಬ್ಬಾಳ, ಇನ್ನೊಂದು ಕಡೆ ಹೆಸರಘಟ್ಟದ ನಡುವೆ ಇದೆ. ಕೋಳಿ ವಿಚಾರಕ್ಕೆ ಇಷ್ಟು ಅನುಕೂಲ ಇರುವ ಊರು ಕಡಿಮೆ.

ಅಪರೂಪದ ತಳಿ: ಏನು, ಎತ್ತ

ಘಾಗಸ್: ನಮಗೆ ಹತ್ತಿರದ, ಆದರೆ ಹೆಸರೇ ಕೇಳದ ತಳಿ. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಪಕ್ಕದ ಆಂಧ್ರ ಗಡಿಯ ಕೋಳಿ. ಉದ್ದ ಕಾಲು, ಗಟ್ಟಿ ಮೈ. ಹುಂಜದ ಎದೆ ಮತ್ತು ತೊಡೆ ಮೇಲೆ ಮಿರುಗುವ ನೀಲಿಗಪ್ಪು ಪುಕ್ಕ. ಗಂಟಲ ಕೆಳಗೆ ಚರ್ಮ ಸ್ವಲ್ಪ ಜೋಲುತ್ತೆ. ಹೈದರಾಬಾದ್‌ನ ನಿರ್ದೇಶನಾಲಯ ಈ ತಳಿಯ ಒಂದು ಹಿಂಡನ್ನು ಇಟ್ಟುಕೊಂಡು ಅಧ್ಯಯನ ಮಾಡುತ್ತಿದೆ. ಕರ್ನಾಟಕದ್ದೇ ತಳಿ ಯಾವುದು ಅಂತ ಯಾರಾದ್ರೂ ಕೇಳಿದರೆ ಮೊದಲು ಹೇಳಬೇಕಾದ ಹೆಸರು ಇದು.

ಅಸೀಲ್: ಕಾದಾಟದ ಕೋಳಿ ಅಂತ ಹೆಸರುವಾಸಿ. ನೆಟ್ಟಗೆ ನಿಲ್ಲುವ ಮೈ, ಚಿಕ್ಕ ಜುಟ್ಟು, ಬಲವಾದ ಕಾಲು. ಹುಂಜ 4 ಕೆ.ಜಿ. ತನಕ ತೂಗುತ್ತೆ. ಮೊಟ್ಟೆ ಬಹಳ ಕಡಿಮೆ, ಆದರೆ ಹೇಟೆ ಕಾವಿಗೆ ಚೆನ್ನಾಗಿ ಕೂರುತ್ತೆ. ಎರಡು ಹುಂಜ ಒಂದೇ ಗೂಡಿನಲ್ಲಿ ಇಟ್ಟರೆ ಒಂದು ಉಳಿಯಲ್ಲ. ಕೋಳಿ ಅಂಕ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ತಳಿ ಸಾಕೋದು ಬೇರೆ, ಪಂದ್ಯ ಕಟ್ಟೋದು ಬೇರೆ.

ಕಡಕ್‌ನಾಥ್: ಮಧ್ಯಪ್ರದೇಶದ ಝಾಬುವಾ ಕಡೆಯದು. 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಚರ್ಮ, ಮಾಂಸ, ಮೂಳೆ ಕಪ್ಪು. ಆದರೆ ಮೊಟ್ಟೆ ಕಪ್ಪಲ್ಲ! ತಿಳಿ ಕಂದು ಅಥವಾ ಕೆನೆ ಬಣ್ಣ. ಯಾರಾದ್ರೂ ಕಪ್ಪು ಮೊಟ್ಟೆ ತೋರಿಸಿ "ಕಡಕ್‌ನಾಥ್" ಅಂದರೆ ನಂಬಬೇಡಿ. ಹೇಟೆ ಕಾವಿಗೆ ಅಷ್ಟು ಚೆನ್ನಾಗಿ ಕೂರಲ್ಲ. ಇನ್‌ಕ್ಯುಬೇಟರ್ ಬೇಕು, ಇಲ್ಲಾ ಊರ ನಾಟಿ ಹೇಟೆ ಕೆಳಗೆ ಇಡಬೇಕು. ಬೆಳೆಯೋದು ನಿಧಾನ. ಹುಂಜ ಕೂಡ ಎರಡು ಕೆ.ಜಿ. ಆಸುಪಾಸಿಗೆ ನಿಲ್ಲುತ್ತೆ.

ಬೋಳು ಕುತ್ತಿಗೆ, ಗುಂಗುರು ಪುಕ್ಕ: ಇವು ಊರ ಕೋಳಿಗಳಲ್ಲೇ ಆಗಾಗ ಕಾಣುವ ಗುಣ. ಬೋಳು ಕುತ್ತಿಗೆ ಕೋಳಿಗೆ ಪುಕ್ಕ ಕಡಿಮೆ, ಹಾಗಾಗಿ ಬಿಸಿಲು ತಡೆಯುತ್ತೆ. ನೋಡೋಕೆ ಚೆನ್ನಾಗಿಲ್ಲ ಅಂತ ಮೊದಲು ಕೊಯ್ಯೋದು ಇದನ್ನೇ. ಶೀಟಿನ ಶೆಡ್ಡಿನಲ್ಲಿ ಸಾಕುವವರು ಉಳಿಸಿಕೊಳ್ಳಬೇಕಾದ ಕೋಳಿಯೂ ಇದೇ.

30-40 ಸೈಟಿನಲ್ಲಿ ಎಷ್ಟು ಕೋಳಿ?

ಬಯಲಲ್ಲಿ ಮೇಯುವ ಕೋಳಿ ಅಂದರೆ ಎಷ್ಟು ಜಾಗ? ಯುರೋಪಿನಲ್ಲಿ "ಫ್ರೀ ರೇಂಜ್" ಅಂತ ಮೊಟ್ಟೆ ಮೇಲೆ ಬರೆಯಬೇಕಾದರೆ ಒಂದು ಹೇಟೆಗೆ 4 ಚದರ ಮೀಟರ್ ಬಯಲು ಇರಬೇಕು. ನಮ್ಮ 30-40 ಸೈಟು 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಸೈಟು ಪೂರ್ತಿ ಖಾಲಿ ಇದ್ದರೂ 27 ಕೋಳಿ ಅಷ್ಟೇ. ಮನೆ ಕಟ್ಟಿ ಮಿಕ್ಕ ಜಾಗದಲ್ಲಿ ಐದಾರು ಕೋಳಿ. ಟೆರೇಸ್ ಮೇಲೆ 50 ಕೋಳಿ ತುಂಬಿ "ಫ್ರೀ ರೇಂಜ್" ಅಂದರೆ ಅದು ಬಾಯಿಮಾತು.

"ಕೇಜ್ ಫ್ರೀ" ಅನ್ನೋದು ಬೇರೆ. ಪಂಜರದಲ್ಲಿ ಇಲ್ಲ ಅಂತ ಅರ್ಥ. ಶೆಡ್ಡಿನ ಒಳಗೇ ಓಡಾಡಿಕೊಂಡಿದ್ದರೂ ಹಾಗೆ ಕರೆಯುತ್ತಾರೆ. ಹೊರಗೆ ಮೇಯುತ್ತೆ ಅಂತ ತಿಳಿಯಬೇಡಿ.

ರಾತ್ರಿ ಗೂಡಿಗೆ ಒಂದು ಕೋಳಿಗೆ ಒಂದೂವರೆಯಿಂದ ಎರಡು ಚದರ ಅಡಿ ಸಾಕು. 12 ಕೋಳಿಗೆ 4 ಅಡಿ ಅಗಲ, 6 ಅಡಿ ಉದ್ದದ ಗೂಡು. ಗಮನಿಸಬೇಕಾದ್ದು:

- ನೆಲದಿಂದ ಒಂದೂವರೆ ಅಡಿ ಎತ್ತರ ಇರಲಿ. ಹೆಗ್ಗಣ, ನೀರು ಎರಡೂ ತಪ್ಪುತ್ತೆ.
- ಜಾಲರಿ ಅರ್ಧ ಇಂಚಿನದ್ದು ಹಾಕಿ. ದೊಡ್ಡ ಕಂಡಿಯಲ್ಲಿ ಮುಂಗುಸಿ, ಬೆಕ್ಕಿನ ಕೈ ತೂರುತ್ತೆ.
- ಒಳಗೆ ಅಡ್ಡ ಕೋಲು ಕಟ್ಟಿ. ಕೋಳಿ ಮಲಗೋದು ಎತ್ತರದಲ್ಲಿ.
- ಕೆಳಗೆ ಭತ್ತದ ಹೊಟ್ಟು ಹಾಸಿ, ವಾರಕ್ಕೆರಡು ಸಲ ಕೆದರಿ. ಒದ್ದೆಯಾದರೆ ತೆಗೆಯಿರಿ. ವಾಸನೆ ಬರೋದು ಒದ್ದೆಯಿಂದ.
- ಮೊಟ್ಟೆ ಇಡೋಕೆ ಕತ್ತಲೆ ಮೂಲೆಯಲ್ಲಿ ಒಂದು ಮಂಕರಿ. ನಾಲ್ಕು ಹೇಟೆಗೆ ಒಂದು ಸಾಕು.

ಅಕ್ಕಪಕ್ಕದವರ ಜೊತೆ ಜಗಳ ಬರೋದು ಎರಡಕ್ಕೆ: ವಾಸನೆ, ಬೆಳಗಿನ ಜಾವದ ಹುಂಜದ ಕೂಗು. ಬರೀ ಮೊಟ್ಟೆ ಬೇಕು ಅನ್ನೋರಿಗೆ ಹುಂಜ ಬೇಕಾಗಿಲ್ಲ. ಹುಂಜ ಇಲ್ಲದೆಯೂ ಹೇಟೆ ಮೊಟ್ಟೆ ಇಡುತ್ತೆ, ಆ ಮೊಟ್ಟೆಯಲ್ಲಿ ಮರಿ ಆಗಲ್ಲ ಅಷ್ಟೇ.

ಮೇವು: ಏನು ಕೊಡಬೇಕು, ಎಲ್ಲಿ ಬಿಡಬಾರದು

ರಾಗಿ, ಅಕ್ಕಿ ನುಚ್ಚು, ಜೋಳದ ನುಚ್ಚು, ತರಕಾರಿ ಸಿಪ್ಪೆ, ಸೊಪ್ಪು, ಅಝೋಲಾ ಎಲ್ಲವೂ ಆಗುತ್ತೆ. ಆದರೆ ಬರೀ ಅನ್ನ, ಮುದ್ದೆ ಹಾಕಿದರೆ ಕೊಬ್ಬು ಬರುತ್ತೆ, ಮೊಟ್ಟೆ ಬರಲ್ಲ. ಹುಳು ಹುಪ್ಪಟೆ ಸಿಗುವ ಬಯಲು ಇಲ್ಲದಿದ್ದರೆ ಪ್ರೋಟೀನಿಗೆ ಕಡ್ಲೆಕಾಯಿ ಹಿಂಡಿ ಅಥವಾ ಸೋಯಾ ಹಿಂಡಿ ಸೇರಿಸಿ. ಹಳೇ ಹಿಂಡಿಗೆ ಬೂಸ್ಟು ಬಂದಿದ್ದರೆ ಹಾಕಲೇಬೇಡಿ, ಅದರ ವಿಷಕ್ಕೆ ಕೋಳಿ ಸಾಯುತ್ತೆ. ಮೊಟ್ಟೆ ಚಿಪ್ಪು ತೆಳ್ಳಗಾದರೆ ಸುಣ್ಣದಂಶ ಕಡಿಮೆ ಅಂತ ಅರ್ಥ. ಕಪ್ಪೆಚಿಪ್ಪಿನ ಪುಡಿ ಪ್ರತ್ಯೇಕ ಬಟ್ಟಲಲ್ಲಿ ಇಡಿ.

ಇಂಡಸ್ಟ್ರಿಯಲ್ ಏರಿಯಾ ಪಕ್ಕ ಇರುವವರು ಇದನ್ನು ಎರಡು ಸಲ ಓದಿ. ಕೋಳಿ ಮಿನುಗೋದನ್ನೆಲ್ಲ ಕುಕ್ಕುತ್ತೆ. ಕಬ್ಬಿಣದ ಚೂರು, ತಂತಿ ತುಂಡು, ಥರ್ಮೋಕೋಲ್ ನುಂಗುತ್ತೆ. ಹಳೇ ಪೇಂಟ್, ಬ್ಯಾಟರಿ ಬಿದ್ದ ಮಣ್ಣಿನಲ್ಲಿ ಸೀಸ ಇರಬಹುದು. ಆ ಮಣ್ಣು ಕೆದರುವ ಕೋಳಿಯಿಂದ ಸೀಸ ಮೊಟ್ಟೆಗೂ ಬರುತ್ತೆ, ತಿನ್ನುವ ಮಕ್ಕಳಿಗೆ ಅದು ಅಪಾಯ. ವರ್ಕ್‌ಶಾಪ್, ಗುಜರಿ, ಬ್ಯಾಟರಿ ಅಂಗಡಿ ಪಕ್ಕದ ಜಾಗದಲ್ಲಿ ಕೋಳಿ ಬಿಡಬೇಡಿ. ಬೇರೆ ಜಾಗ ಇಲ್ಲ ಅಂದರೆ ಸಿಮೆಂಟ್ ನೆಲದ ಮೇಲೆ ಒಳ್ಳೇ ಮಣ್ಣು ತಂದು ಹಾಕಿ ಬೇಲಿ ಕಟ್ಟಿ.

ಮರಿ ಮಾಡಿಸೋದು ಹೇಗೆ?

ಹೇಟೆ ಕೆಳಗೆ: 10ರಿಂದ 12 ಮೊಟ್ಟೆ ಸಾಕು. ಜಾಸ್ತಿ ಇಟ್ಟರೆ ಅಂಚಿನ ಮೊಟ್ಟೆ ತಣ್ಣಗಾಗಿ ಎಲ್ಲವೂ ಕೆಡುತ್ತೆ. ಇಟ್ಟು 7 ದಿನದೊಳಗಿನ ಮೊಟ್ಟೆ ಮಾತ್ರ ಆರಿಸಿ. ಅಲ್ಲಿಯ ತನಕ ತಂಪು ಜಾಗದಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಿ. ಫ್ರಿಜ್ ಬೇಡ, ತೊಳೆಯೋದೂ ಬೇಡ. ತೀರ ದೊಡ್ಡದು, ತೀರ ಚಿಕ್ಕದು, ಬಿರುಕು ಬಿಟ್ಟದ್ದು ಬೇಡ. ಮಂಕರಿಗೆ ಒಣ ಹುಲ್ಲು ಹಾಕಿ, ಸಂಜೆ ಹೊತ್ತು ಕೂರಿಸಿ. ಕೂರಿಸೋ ಮುಂಚೆ ಹೇಟೆ ಮೈಮೇಲೆ ಹೇನು ಇದೆಯಾ ನೋಡಿ, ಇದ್ದರೆ ಮದ್ದು ಮಾಡಿಯೇ ಕೂರಿಸಿ. ನೀರು, ಕಾಳು ಹತ್ತಿರವೇ ಇರಲಿ.

ಏಳನೇ ದಿನ ಕತ್ತಲೆಯಲ್ಲಿ ಮೊಟ್ಟೆ ಹಿಂದೆ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆ ತರ ಕೆಂಪು ನರ ಕಂಡರೆ ಮರಿ ಇದೆ. ತಿಳಿಯಾಗಿ ಕಂಡರೆ ತೆಗೆದುಬಿಡಿ.

ಇನ್‌ಕ್ಯುಬೇಟರ್: ಉಷ್ಣಾಂಶ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದಿನಕ್ಕೆ ಮೂರು ಸಲವಾದರೂ ಮೊಟ್ಟೆ ತಿರುಗಿಸಬೇಕು. 18ನೇ ದಿನದಿಂದ ತಿರುಗಿಸೋದು ನಿಲ್ಲಿಸಿ, ತೇವ ಜಾಸ್ತಿ ಮಾಡಿ. ಪದೇ ಪದೇ ಮುಚ್ಚಳ ತೆಗೆಯಬೇಡಿ. ಕರೆಂಟ್ ಹೋದರೆ ಏನು ಮಾಡೋದು ಅಂತ ಮೊದಲೇ ಯೋಚಿಸಿ. ಯುಪಿಎಸ್ ಇಲ್ಲದೆ ಇನ್‌ಕ್ಯುಬೇಟರ್ ತರೋದು ಬೇಡ.

ಕಾವಿನ ಹೇಟೆ ಇಲ್ಲದ ಮರಿಗಳಿಗೆ ಮೊದಲ ವಾರ 35 ಡಿಗ್ರಿ ಬಿಸಿ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಕಡಿಮೆ ಮಾಡುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬ್ ಕೆಳಗೆ ಗುಂಪಾಗಿ ಒತ್ತಿಕೊಂಡರೆ ಚಳಿ. ದೂರ ಹೋಗಿ ಬಾಯಿ ಬಿಟ್ಟರೆ ಸೆಕೆ. ಹರಡಿಕೊಂಡು ಮೇಯುತ್ತಿದ್ದರೆ ಸರಿಯಾಗಿದೆ.

ರೋಗ ಮತ್ತು ಲಸಿಕೆ

ನಾಟಿ ಕೋಳಿಗೆ ರೋಗ ಬರಲ್ಲ ಅನ್ನೋದು ತಪ್ಪು ಮಾತು. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಬಂದರೆ ಒಂದು ವಾರದಲ್ಲಿ ಗೂಡು ಖಾಲಿ. ಹಸಿರು ಭೇದಿ, ಕುತ್ತಿಗೆ ತಿರುಚೋದು, ಕಾಲು ಬೀಳೋದು ಇದರ ಗುರುತು. ಬಂದ ಮೇಲೆ ಔಷಧಿ ಇಲ್ಲ. ಲಸಿಕೆ ಒಂದೇ ದಾರಿ.

ಸಾಮಾನ್ಯವಾಗಿ ಅನುಸರಿಸುವ ಪಟ್ಟಿ:

- 1ನೇ ದಿನ: ಮಾರೆಕ್ಸ್ ಲಸಿಕೆ, ಹ್ಯಾಚರಿಯಲ್ಲೇ ಕೊಟ್ಟಿರಬೇಕು. ಕೇಳಿ ತಗೊಳ್ಳಿ.
- 5ರಿಂದ 7ನೇ ದಿನ: ಕೊಕ್ಕರೆ ರೋಗದ ಮೊದಲ ಲಸಿಕೆ, ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
- 14ನೇ ದಿನ: ಗುಂಬೊರೊ ಲಸಿಕೆ.
- 28ನೇ ದಿನ: ಕೊಕ್ಕರೆ ರೋಗದ ಎರಡನೇ ಲಸಿಕೆ.
- 6ರಿಂದ 8ನೇ ವಾರ: ಸಿಡುಬಿನ ಲಸಿಕೆ, ಕೊಕ್ಕರೆ ರೋಗದ ಚುಚ್ಚುಮದ್ದು. ಎರಡರ ಮಧ್ಯೆ ಒಂದು ವಾರವಾದರೂ ಅಂತರ ಬೇಕು.

ದಿನಗಳಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ನಿಮ್ಮ ಪಶುವೈದ್ಯರು ಹೇಳಿದ್ದೇ ಅಂತಿಮ. ಒಂದು ತೊಂದರೆ ಏನಂದ್ರೆ ಲಸಿಕೆ ಬಾಟಲಿ ನೂರಾರು ಡೋಸಿನದ್ದು ಬರುತ್ತೆ. ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿ ಇರುವವರು ಒಬ್ಬರೇ ತರೋದು ದಂಡ. ಬೀದಿಯ ನಾಲ್ಕೈದು ಮನೆಯವರು ಸೇರಿ ಒಂದೇ ದಿನ ಹಾಕಿಸಿ. ಲಸಿಕೆಯನ್ನು ಐಸ್ ಇಟ್ಟ ಫ್ಲಾಸ್ಕಿನಲ್ಲೇ ತನ್ನಿ. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ತಂದ ಲಸಿಕೆ ನೀರಿಗೆ ಸಮ.

ಮೂರರಿಂದ ಆರು ವಾರದ ಮರಿ ಮುದುರಿ ಕೂತು ರಕ್ತಭೇದಿ ಮಾಡಿದರೆ ಅದು ಒದ್ದೆ ಹಾಸಿನಿಂದ ಬರುವ ಕಾಕ್ಸಿಡಿಯೋಸಿಸ್. ಇದಕ್ಕೆ ಔಷಧಿ ಇದೆ, ಬೇಗ ಕೊಟ್ಟರೆ ಉಳಿಯುತ್ತೆ.

ತಳಿ ಉಳಿಸೋದು: ಇದು ನಿಜವಾದ ಕೆಲಸ

ಘಾಗಸ್ ಆಗಲಿ, ಊರ ನಾಟಿ ಆಗಲಿ, ರೋಗದಿಂದ ಮಾತ್ರ ಕಾಣೆಯಾಗಲ್ಲ. ಬೀದಿಯಲ್ಲಿ ಒಂದು ಗಿರಿರಾಜ ಹುಂಜ ಬಿಟ್ಟರೆ ಸಾಕು, ಸುತ್ತಲಿನ ಮನೆಗಳ ಮರಿಗಳೆಲ್ಲ ಮಿಶ್ರ. ಮೈ ದಪ್ಪ ಬರುತ್ತೆ ಅಂತ ಮೊದಲು ಖುಷಿ ಆಗುತ್ತೆ. ಎರಡು ಮೂರು ತಲೆಮಾರು ಹೋದ ಮೇಲೆ ಕಾವಿಗೆ ಕೂರುವ ಹೇಟೆ ಹುಡುಕಬೇಕಾಗುತ್ತೆ.

ತಳಿ ಶುದ್ಧವಾಗಿ ಇಟ್ಟುಕೊಳ್ಳಬೇಕು ಅನ್ನೋರಿಗೆ ಕೆಲವು ನಿಯಮ:

1. ಒಂದು ಹುಂಜಕ್ಕೆ 8ರಿಂದ 10 ಹೇಟೆ. ಬೇರೆ ಹುಂಜ ಒಳಗೆ ಬರದ ಹಾಗೆ ಬೇಲಿ.

2. ಬೇರೆ ಹುಂಜದ ಜೊತೆ ಇದ್ದ ಹೇಟೆಯನ್ನು ತಂದ ಕೂಡಲೇ ಮೊಟ್ಟೆ ಮರಿಗೆ ಇಡಬೇಡಿ. ಹೇಟೆಯ ಮೈಯಲ್ಲಿ ಹಳೇ ಹುಂಜದ ವೀರ್ಯ ಎರಡು ವಾರಕ್ಕೂ ಹೆಚ್ಚು ಉಳಿಯುತ್ತೆ. ಮೂರು ವಾರ ಬಿಟ್ಟು ಸಿಕ್ಕ ಮೊಟ್ಟೆ ಮಾತ್ರ ಇಡಿ.

3. ಒಂದೇ ಹುಂಜ ಇದ್ದರೆ ಮುಂದಿನ ಮರಿಗಳೆಲ್ಲ ಒಂದೇ ಅಪ್ಪನ ಮಕ್ಕಳು. ಅವುಗಳನ್ನೇ ಕೂಡಿಸಿದರೆ ಮೊಟ್ಟೆ ಒಡೆಯೋದು ಕಡಿಮೆ, ಮರಿ ಸಾಯೋದು ಜಾಸ್ತಿ. ಪ್ರತಿ ವರ್ಷ ಅದೇ ತಳಿ ಸಾಕುವ ಬೇರೆಯವರ ಜೊತೆ ಹುಂಜ ಬದಲಾಯಿಸಿಕೊಳ್ಳಿ.

4. ಮರಿ ಕಾಲಿಗೆ ಬಣ್ಣದ ಟ್ಯಾಗ್ ಕಟ್ಟಿ. ಯಾವ ಹೇಟೆ, ಯಾವ ತಿಂಗಳು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಲು ಬೆಳೆದ ಹಾಗೆ ಟ್ಯಾಗ್ ಸಡಿಲ ಮಾಡೋದು ಮರೆಯಬೇಡಿ.

5. ಚೆನ್ನಾಗಿರೋದನ್ನು ಹಬ್ಬಕ್ಕೆ ಕೊಯ್ದು, ಮಿಕ್ಕಿದ್ದನ್ನು ಮರಿಗೆ ಇಡೋದು ನಮ್ಮ ಅಭ್ಯಾಸ. ಉಲ್ಟಾ ಮಾಡಿ. ಚೆನ್ನಾಗಿ ಕಾವು ಕೂತು, ಮರಿ ಉಳಿಸಿದ ಹೇಟೆಯ ಮಕ್ಕಳನ್ನೇ ಮುಂದಕ್ಕೆ ಇಟ್ಟುಕೊಳ್ಳಿ.

ಇನ್ನೊಂದು ಮಾತು: ಅಪರೂಪದ ತಳಿ ಒಂದೇ ಮನೆಯಲ್ಲಿ, ಒಂದೇ ಫಾರಂನಲ್ಲಿ ಇರಬಾರದು. ಯಾಕೆ ಅಂತ ಹೆಸರಘಟ್ಟವೇ ತೋರಿಸಿದೆ. 2012ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿತು. ಹರಡದಂತೆ ತಡೆಯೋಕೆ ಅಲ್ಲಿನ ಸಾವಿರಾರು ಪಕ್ಷಿಗಳನ್ನು ಕೊಲ್ಲಬೇಕಾಯಿತು. ಸರ್ಕಾರಿ ಫಾರಂಗೇ ಹೀಗಾದರೆ ನಮ್ಮ ಗೂಡು ಯಾವ ಲೆಕ್ಕ? ಹತ್ತು ಮನೆಯಲ್ಲಿ ಹತ್ತು ಹತ್ತು ಇದ್ದರೆ ಒಂದು ಕಡೆ ಹೋದರೂ ಇನ್ನೊಂದು ಕಡೆ ಉಳಿಯುತ್ತೆ.

ಹಕ್ಕಿಜ್ವರ: ಮುಚ್ಚಿಟ್ಟರೆ ನಷ್ಟ ನಿಮಗೇ

2018ರ ಜನವರಿ ಆರಂಭದಲ್ಲಿ ಥಣಿಸಂದ್ರ ಪಕ್ಕದ ದಾಸರಹಳ್ಳಿಯ ಕೋಳಿ ಅಂಗಡಿಯೊಂದರ ಕೋಳಿಗಳಲ್ಲಿ ಹಕ್ಕಿಜ್ವರ ಪತ್ತೆಯಾಗಿತ್ತು (ನಮ್ಮ ಟಿ. ದಾಸರಹಳ್ಳಿ ಅಲ್ಲ). 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲಿ ಮನೆಯಲ್ಲಿ ಸಾಕಿದ ಕೋಳಿಗಳಿಗೇ ಬಂತು. ದೊಡ್ಡ ಫಾರಂಗೆ ಮಾತ್ರ ಬರುತ್ತೆ ಅಂದುಕೊಳ್ಳಬೇಡಿ.

ರೋಗ ಖಚಿತವಾದರೆ 1 ಕಿ.ಮೀ. ಸುತ್ತಳತೆಯಲ್ಲಿ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿ.ಮೀ. ತನಕ ನಿಗಾ ಇಡುತ್ತಾರೆ. ಪರಿಹಾರ ಸಿಗೋದು ಅಧಿಕಾರಿಗಳು ಕೊಂದ ಕೋಳಿಗೆ, ಮೊದಲೇ ಸತ್ತದ್ದಕ್ಕಲ್ಲ. ಹಾಗಾಗಿ ಒಂದೆರಡು ದಿನದಲ್ಲಿ ಒಟ್ಟಿಗೆ ಹಲವು ಕೋಳಿ ಸತ್ತರೆ ಮುಚ್ಚಿಡಬೇಡಿ, ಕೂಡಲೇ ತಿಳಿಸಿ. ಕೊಕ್ಕರೆ ರೋಗಕ್ಕೂ ಹಕ್ಕಿಜ್ವರಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಲ್ಯಾಬ್ ಪರೀಕ್ಷೆಯೇ ಆಗಬೇಕು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೆರೆ ಅಂಚಿಗೆ, ರಾಜಕಾಲುವೆಗೆ ಎಸೆಯಬೇಡಿ. ಅಧಿಕಾರಿಗಳು ಹೇಳಿದ ಮೇಲೆ ಆಳ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

ಚೆನ್ನಾಗಿ ಬೇಯಿಸಿದ ಮಾಂಸ, ಮೊಟ್ಟೆಯಿಂದ ರೋಗ ಬರಲ್ಲ. 70 ಡಿಗ್ರಿ ಬಿಸಿಯಲ್ಲಿ ವೈರಸ್ ಸಾಯುತ್ತೆ, ನಮ್ಮ ಸಾರು ಅದಕ್ಕಿಂತ ಜಾಸ್ತಿ ಕುದಿಯುತ್ತೆ.

ಹೊಸ ಕೋಳಿ ತಂದರೆ ಎರಡು ವಾರ ಬೇರೆ ಗೂಡಿನಲ್ಲಿಡಿ. ಬಾತು, ಟರ್ಕಿಯನ್ನು ಕೋಳಿ ಜೊತೆ ಬೆರೆಸಬೇಡಿ. ಸಂತೆಗೆ ಹೋದ ಚಪ್ಪಲಿಯಲ್ಲೇ ಗೂಡಿಗೆ ಹೋಗಬೇಡಿ.

ಅಂಗಡಿಯವರ ಗಮನಕ್ಕೆ

- ಬೋರ್ಡ್ ಮೇಲೆ "ನಾಟಿ", "ಗಿರಿರಾಜ", "ಫಾರಂ" ಅಂತ ಬೇರೆ ಬೇರೆ ಬರೆದು ಬೇರೆ ಬೇರೆ ದರ ಹಾಕಿ. ಗೊತ್ತಿದ್ದೇ ಗಿರಿರಾಜ ಕೊಳ್ಳುವ ಗ್ರಾಹಕರೂ ಇದ್ದಾರೆ. ಒಮ್ಮೆ ಮೋಸ ಹೋದವರು ಮತ್ತೆ ಬರಲ್ಲ.
- ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ ನೋಂದಣಿ ಎರಡೂ ಇರಲಿ, ಕಾಣುವ ಹಾಗೆ ಹಾಕಿ.
- ಬೇರೆ ಬೇರೆ ಕಡೆಯಿಂದ ಬಂದ ಕೋಳಿ ಒಂದೇ ಪಂಜರಕ್ಕೆ ತುಂಬಬೇಡಿ. ವಾರಕ್ಕೊಂದು ಸಲವಾದರೂ ಎಲ್ಲ ಪಂಜರ ಖಾಲಿ ಮಾಡಿ ತೊಳೆದು ಒಣಗಿಸಿ.
- ಕಾಲು ಕಟ್ಟಿ ಬೈಕಿಗೆ ತಲೆಕೆಳಗಾಗಿ ತೂಗುಹಾಕಿ ತರಬೇಡಿ. ಕೋಳಿಗೂ ಹಿಂಸೆ, ಮಾಂಸಕ್ಕೂ ರಕ್ತ ಕಟ್ಟುತ್ತೆ.

ಕೊಳ್ಳುವವರು ಗುರುತಿಸೋದು ಹೇಗೆ?

ಕೊಕ್ಕು ನೋಡಿ: ತುದಿ ಕತ್ತರಿಸಿ ಮೊಂಡಾಗಿದ್ದರೆ ಅದು ಫಾರಂನಲ್ಲಿ ಬೆಳೆದ ಲೇಯರ್. ಊರ ಕೋಳಿಯ ಕೊಕ್ಕು ಚೂಪು.

ತೂಕ ಮತ್ತು ವಯಸ್ಸು ಹೊಂದಿಸಿ: ನಾಟಿ ಒಂದೂವರೆ ಕೆ.ಜಿ. ಬರೋಕೆ ಆರು ತಿಂಗಳ ಹತ್ತಿರ ಬೇಕು. ಅಷ್ಟು ತೂಕ ಇದ್ದು, ಹುಂಜದ ಕಾಲಿನ ಹಿಂದಿನ ಮುಳ್ಳು ಇನ್ನೂ ಬರೀ ಗುಬುಟು ತರ ಇದ್ದರೆ ಅದು ಬೇಗ ಬೆಳೆಯುವ ಮಿಶ್ರ ತಳಿ.

ಹಿಂಡು ನೋಡಿ: ಪಂಜರದಲ್ಲಿರೋದೆಲ್ಲ ಒಂದೇ ಬಣ್ಣ, ಒಂದೇ ಅಳತೆ ಇದ್ದರೆ ಹ್ಯಾಚರಿ ಮಾಲು. ಊರ ನಾಟಿ ಒಂದರ ತರ ಇನ್ನೊಂದು ಇರಲ್ಲ.

ಮೊಟ್ಟೆ: ಕಂದು ಬಣ್ಣ ಇದ್ದರೆ ನಾಟಿ ಅಂತ ಅಲ್ಲ. ಫಾರಂ ಕೆಂಪು ಲೇಯರ್ ಕೂಡ ಕಂದು ಮೊಟ್ಟೆಯನ್ನೇ ಇಡುತ್ತೆ. ನಾಟಿ ಮೊಟ್ಟೆ ಚಿಕ್ಕದು, ಸುಮಾರು 40 ಗ್ರಾಂ. ಟ್ರೇ ತುಂಬ ಒಂದೇ ಅಳತೆ, ಒಂದೇ ಬಣ್ಣದ 55 ಗ್ರಾಂ ಮೊಟ್ಟೆ ಇದ್ದರೆ ಅನುಮಾನಪಡಿ. ಹಳದಿ ಭಂಡಾರ ಗಾಢವಾಗಿರೋದು ಮೇವಿನಿಂದ, ತಳಿಯಿಂದ ಅಲ್ಲ.

ಯಾರಿಗೆ ಯಾವುದು ಸರಿ?

ಮನೆಗೆ ಮೊಟ್ಟೆ ಬೇಕು, ಜಾಗ ಕಡಿಮೆ: ಸ್ವರ್ಣಧಾರ ಅಥವಾ ಗ್ರಾಮಪ್ರಿಯ, ನಾಲ್ಕೈದು ಹೇಟೆ.
ಹಬ್ಬಕ್ಕೆ ಮಾಂಸ ಬೇಕು: ಗಿರಿರಾಜ, ವನರಾಜ.
ಮರಿ ಮಾಡಿಸಿ ವರ್ಷ ವರ್ಷ ಮುಂದುವರಿಸಬೇಕು: ಊರ ನಾಟಿಯೇ ಆಗಬೇಕು.
ತಳಿ ಉಳಿಸುವ ಆಸೆ ಇದೆ, ಹಳ್ಳಿಯಲ್ಲಿ ಹೊಲ ಇದೆ: ಘಾಗಸ್ ಅಥವಾ ಅಸೀಲ್.

ವ್ಯಾಪಾರದ ಮಟ್ಟದಲ್ಲಿ ಮಾಡುವವರಿಗೆ ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ಗ್ರಾಮೀಣ ಕೋಳಿ ಘಟಕಕ್ಕೆ ಶೇ. 50ರಷ್ಟು, ಗರಿಷ್ಠ 25 ಲಕ್ಷ ರೂ. ಸಹಾಯಧನ ಇದೆ. ಆದರೆ ಅದು ಕನಿಷ್ಠ 1,000 ತಾಯಿಕೋಳಿ, ಹ್ಯಾಚರಿ, ಮರಿ ಘಟಕ ಎಲ್ಲ ಸೇರಿದ ಯೋಜನೆ. ಸೈಟಿನಲ್ಲಿ ಆಗೋ ಮಾತಲ್ಲ.

ಎಲ್ಲಿ ವಿಚಾರಿಸಬೇಕು?

- ಮರಿ ಮತ್ತು ತರಬೇತಿ: ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆ.
- ಗಿರಿರಾಜ, ಸ್ವರ್ಣಧಾರ: ಹೆಬ್ಬಾಳ ಪಶುವೈದ್ಯಕೀಯ ಕಾಲೇಜಿನ ಕುಕ್ಕುಟ ವಿಜ್ಞಾನ ವಿಭಾಗ. ಹಬ್ಬದ ಮುಂಚೆ ಮರಿಗೆ ಬೇಡಿಕೆ ಜಾಸ್ತಿ, ಮೊದಲೇ ಹೆಸರು ಬರೆಸಿ.
- ಸತ್ತ ಕೋಳಿ ಪರೀಕ್ಷೆ, ಲಸಿಕೆ ವಿಚಾರ: ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ.
- ತುರ್ತಿಗೆ: ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ ಅಥವಾ ಸಹಾಯವಾಣಿ 1962.

ನಿಮ್ಮ ಬೀದಿಯಲ್ಲಿ ಇನ್ನೂ ಕಾವಿಗೆ ಕೂರುವ ಊರ ಹೇಟೆ ಇದ್ದರೆ ಈ ಹಬ್ಬಕ್ಕೆ ಅದನ್ನು ಕೊಯ್ಯೋ ಮುಂಚೆ ಒಂದು ಸರದಿ ಮರಿ ಮಾಡಿಸಿಕೊಳ್ಳಿ. ಸಾರಿಗೆ ಅಂಗಡಿಯಲ್ಲಿ ಬೇರೆ ಕೋಳಿ ಸಿಗುತ್ತೆ, ಅಂಥ ಹೇಟೆ ಅಂಗಡಿಯಲ್ಲಿ ಸಿಗಲ್ಲ.